ಊರವರ ಮಕ್ಕಳ ಆಟಕ್ಕೆ ಇಡ್ಲಿ, ನಮ್ಮ ಮಕ್ಕಳ ಆಟಕ್ಕೆ ಯಾರು?



ಪೊಂಗಲ್ ಬಂತೆಂದರೆ ಚೆನ್ನೈಯಲ್ಲಿ ಹೋಟೆಲು, ಕೇಟರಿಂಗು ನಡೆಸುವ ನಮ್ಮೆಲ್ಲರ ಆರ್ಡರ್ ಪುಸ್ತಕ ತುಂಬತೊಡಗುತ್ತದೆ. ಮಾರ್ಗಳಿಯಲ್ಲಿ ತಡೆದು ನಿಂತ ಶುಭಕಾರ್ಯಗಳೆಲ್ಲ ತೈ, ಮಾಸಿ ತಿಂಗಳಲ್ಲಿ ಒಟ್ಟಿಗೆ ಬರುತ್ತವೆ. ದೊಡ್ಡ ಮದುವೆಗಳು ಹಾಗಿರಲಿ, ನಮ್ಮಂಥ ಮಧ್ಯಮ ಹೋಟೆಲಿನವರ ಕೈ ಹಿಡಿಯುವುದು ಸಣ್ಣ ಸಣ್ಣ ಕೂಟಗಳೇ. ಸೀಮಂತಕ್ಕೆ ಅರುವತ್ತು ಎಲೆ, ನಾಮಕರಣಕ್ಕೆ ನಲುವತ್ತು ಎಲೆ, ಸತ್ಯನಾರಾಯಣ ಪೂಜೆ, ಹುಟ್ಟಿದ ಹಬ್ಬ, ಹತ್ತನೇ ತರಗತಿಯ ಮಕ್ಕಳ ಬೀಳ್ಕೊಡುಗೆ, ಹೀಗೆ. ಇದರ ಜೊತೆಗೆ ಈಗ ಕೆಲವು ವರ್ಷಗಳಿಂದ ಇನ್ನೊಂದು ಬಗೆಯ ಆರ್ಡರು ಸೇರಿಕೊಂಡಿದೆ. ಮಾರ್ಚಿನ ಪರೀಕ್ಷೆಗೆ ಮೊದಲೇ ಶಾಲೆಗಳು ಕ್ರೀಡಾದಿನ, ಅಂತರಶಾಲಾ ಪಂದ್ಯಗಳನ್ನು ಮುಗಿಸಿಬಿಡುತ್ತವೆ. ಶನಿವಾರ, ಭಾನುವಾರ ಕ್ರಿಕೆಟ್ ಕೋಚಿಂಗಿನ ಮಕ್ಕಳ ಪಂದ್ಯಗಳು ಬೇರೆ. ಅವರಿಗೆಲ್ಲ ಬೆಳಗಿನ ತಿಂಡಿಯ ಬಾಕ್ಸು ಬೇಕು. ಹಾಗಾಗಿ ಈ ಎರಡು ತಿಂಗಳು ನಮಗೆ ಉಸಿರಾಡಲು ಪುರುಸೊತ್ತಿಲ್ಲ.

ಇದು ಸಂತೋಷದ ವಿಷಯವೇ. ಆದರೆ ಇದೇ ಎರಡು ತಿಂಗಳು ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ ಎಂದು ನಾವು ಯಾರಾದರೂ ಯೋಚಿಸಿದ್ದೇವೆಯೇ? ನಮ್ಮ ಮನೆಯ ಒಂದು ದಿನದ ಸಂಗತಿ ಹೇಳುತ್ತೇವೆ. ಸದಸ್ಯರಲ್ಲಿ ಹೆಚ್ಚಿನವರಿಗೆ ಇದು ತಮ್ಮ ಮನೆಯ ಕತೆಯೇ ಎನ್ನಿಸಬಹುದು.

ಫೆಬ್ರವರಿಯ ಒಂದು ಶನಿವಾರ. ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ಒಂದು ಚೌಕದೊಳಗೆ ಮನೆಯವರು ನಾಲ್ಕು ವಿಷಯ ಬರೆದಿದ್ದರು. ಬೆಳಿಗ್ಗೆ ಮಗಳಿಗೆ ಅಂತರಶಾಲಾ ಥ್ರೋಬಾಲ್ ಪಂದ್ಯ. ಅದೇ ಹೊತ್ತಿಗೆ ಮಗನಿಗೆ ಕ್ರಿಕೆಟ್ ಕೋಚಿಂಗ್. ಮಧ್ಯಾಹ್ನ ನಂಗನಲ್ಲೂರಿನ ಭಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ರಾತ್ರಿ ಮೈಲಾಪುರದಲ್ಲಿ ನೆಂಟರ ಮಗನ ರಿಸೆಪ್ಷನ್. ಮಗಳು ಆಡುವ ಪಂದ್ಯಕ್ಕೆ ತಿಂಡಿಯ ಆರ್ಡರು ಬಂದದ್ದೂ ನಮಗೇ. ನೂರೈವತ್ತು ಬಾಕ್ಸು. ಮೂರು ಇಡ್ಲಿ, ಸ್ವಲ್ಪ ಪೊಂಗಲ್, ಒಂದು ಬಾಳೆಹಣ್ಣು. ಬಿಸಿಲಿಗೆ ತೆಂಗಿನಕಾಯಿ ಚಟ್ನಿ ಹಳಸುತ್ತದೆ ಎಂದು ಚಟ್ನಿ ಬಿಟ್ಟು, ಇಡ್ಲಿಗೆ ಎಣ್ಣೆಯಲ್ಲಿ ಕಲಸಿದ ಚಟ್ನಿಪುಡಿ ಸವರಿದೆವು. ಆಟವಾಡುವ ಮಕ್ಕಳ ಹೊಟ್ಟೆಗೆ ಭಾರವಾಗಬಾರದೆಂದು ವಡೆ ಹಾಕಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಒಲೆ ಹಚ್ಚಿ, ಆರು ಗಂಟೆಗೆ ವ್ಯಾನು ಕಳಿಸಿದೆವು. ಊರವರ ಮಕ್ಕಳ ಹೊಟ್ಟೆಯ ಬಗ್ಗೆ ಅಷ್ಟೆಲ್ಲ ಯೋಚನೆ ಮಾಡಿದ ನಾವು, ಬಾಕ್ಸು ಹೋದ ಮೇಲೆ ಕ್ಯಾಶಿನಲ್ಲಿ ಕೂತೆವು. ಶನಿವಾರದ ವ್ಯಾಪಾರ, ಬಿಟ್ಟು ಹೋಗುವುದು ಹೇಗೆ?

ಮಗಳು ಪಕ್ಕದ ಮನೆಯವರ ಸ್ಕೂಟರಿನಲ್ಲಿ ಹೋದಳು. ಹನ್ನೊಂದು ಗಂಟೆಗೆ ನಮ್ಮ ಪಾರ್ಸೆಲ್ ಹುಡುಗ ಖಾಲಿ ಕ್ರೇಟು ಹಿಡಿದುಕೊಂಡು ಬಂದ. ಕುಂದಾಪುರ ಕಡೆಯ ಹುಡುಗ, ನಮ್ಮಲ್ಲಿ ಮೂರು ವರ್ಷದಿಂದ ಇದ್ದಾನೆ. ಲೆಕ್ಕ ಒಪ್ಪಿಸುವ ಮೊದಲೇ, "ಅಣ್ಣಾ, ನಮ್ಮ ಪಾಪು ಮೂರನೇ ಸೆಟ್ ಗೆಲ್ಲಿಸಿದಳು. ನೀವು ನೋಡಬೇಕಿತ್ತು. ಆಮೇಲೆ ನಮ್ಮ ಇಡ್ಲಿಯನ್ನೇ ತಿಂದಳು" ಎಂದ. ಅವನು ಸಂತೋಷದಿಂದಲೇ ಹೇಳಿದ್ದು. ನಮಗೆ ಮಾತ್ರ ಮಾತು ಹೊರಡಲಿಲ್ಲ. ನಮ್ಮ ಇಡ್ಲಿ ಮೈದಾನಕ್ಕೆ ಹೋಯಿತು, ನಮ್ಮ ಹುಡುಗ ಹೋದ, ನಮ್ಮ ವ್ಯಾನು ಹೋಯಿತು. ನಾವು ಹೋಗಲಿಲ್ಲ.

ಆ ದಿನದ ಉಳಿದ ಮೂರರಲ್ಲಿ ನಾವು ಹೋದದ್ದು ಒಂದಕ್ಕೇ, ರಾತ್ರಿಯ ರಿಸೆಪ್ಷನ್ನಿಗೆ. ಅದೂ ಅಡಿಗೆ ನಮ್ಮದಾದ್ದರಿಂದ. ನೆಂಟರೊಬ್ಬರು ಒಳಗೆ ಇಣುಕಿ, "ಓಹೋ, ನೀವೂ ಬಂದಿದ್ದೀರಾ?" ಎಂದು ಕೇಳಿದರು. ಕೈಯಲ್ಲಿ ಸೌಟು ಹಿಡಿದು ನಿಂತವರು ಏನು ಉತ್ತರ ಕೊಡುವುದು?

"ಹಿಂದಿನವರೂ ಹೀಗೇ ದುಡಿದರಲ್ಲ" ಎಂದು ಕೆಲವರು ಹೇಳಬಹುದು. ನಿಜ. ಕಡಂದಲೆ ಕೃಷ್ಣರಾಯರಂಥವರು ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಮದರಾಸಿಗೆ ಬಂದು, ಹಗಲು ರಾತ್ರಿ ಎನ್ನದೆ ದುಡಿದು, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಅವರಂಥವರು ಹಾಕಿದ ದಾರಿಯಲ್ಲೇ ನಾವು ಇಂದು ಅನ್ನ ಉಣ್ಣುತ್ತಿದ್ದೇವೆ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಆ ಕಾಲದಲ್ಲಿ ಊರಿನಿಂದ ಬಂದವರಲ್ಲಿ ಹೆಚ್ಚಿನವರ ಸಂಸಾರ ಊರಿನಲ್ಲೇ ಇತ್ತು. ಹೋಟೆಲಿನ ಮಹಡಿಯ ಮೇಲೆ ಮಲಗುವುದು, ವರ್ಷಕ್ಕೊಮ್ಮೆ ಊರಿಗೆ ಹೋಗುವುದು. ಬೆಳಿಗ್ಗೆ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ ಹೋಟೆಲಿನಲ್ಲೇ ಇರಲು ಅವರಿಗೆ ಅಡ್ಡಿ ಇರಲಿಲ್ಲ, ಯಾಕೆಂದರೆ ಬೇರೆ ಹೋಗಲು ಮನೆಯೇ ಇಲ್ಲಿರಲಿಲ್ಲ. ನಮ್ಮ ಸಂಸಾರ ಇಲ್ಲಿದೆ. ಮಕ್ಕಳು ಇಲ್ಲೇ ಹುಟ್ಟಿದವರು, ಇಲ್ಲೇ ಶಾಲೆಗೆ ಹೋಗುವವರು. ಮನೆ ಹೋಟೆಲಿನಿಂದ ಎರಡು ಬೀದಿ ಆಚೆ. ಆದರೂ ನಾವು ಇಟ್ಟುಕೊಂಡಿರುವುದು ಊರಿನಲ್ಲಿ ಸಂಸಾರ ಬಿಟ್ಟು ಬಂದವರ ಗಡಿಯಾರವನ್ನೇ.

ಅದೇ ಕೃಷ್ಣರಾಯರು 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಡ್ರೈವ್ ಇನ್ ವುಡ್‌ಲ್ಯಾಂಡ್ಸ್ ತೆರೆದರು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಕಾರಿನ ಬಾಗಿಲಿಗೇ ಟ್ರೇ ಸಿಕ್ಕಿಸಿ ತಿಂಡಿ ಕೊಡುತ್ತಿದ್ದರು. ಅಪ್ಪ, ಅಮ್ಮ, ಮಕ್ಕಳು ಗಡಿಬಿಡಿ ಇಲ್ಲದೆ ಕೂತು ತಿನ್ನುವ ಜಾಗ. 2008ರಲ್ಲಿ ಅದು ಮುಚ್ಚಿದಾಗ ಊರೆಲ್ಲ ಬೇಸರಪಟ್ಟಿತು. ಆ ಜಾಗ ಈಗ ಸೆಮ್ಮೊಳಿ ಪೂಂಗಾ ಉದ್ಯಾನದಲ್ಲಿ ಸೇರಿದೆ. ಹೆಚ್ಚಿನವರು ನೆನೆದದ್ದು ಬರೀ ತಿಂಡಿಯನ್ನಲ್ಲ, ಮನೆಮಂದಿ ಒಟ್ಟಿಗೆ ಕೂತ ಸಂಜೆಗಳನ್ನು. ಊರಿನ ಸಂಸಾರಗಳು ಒಟ್ಟಿಗೆ ಕೂರಲು ಜಾಗ ಮಾಡಿಕೊಟ್ಟವರು ನಮ್ಮ ಉದ್ಯಮದವರು. ನಮ್ಮ ಸಂಸಾರಕ್ಕೂ ಅಷ್ಟು ಜಾಗ ಬೇಡವೇ?

ಈ ಚೆನ್ನೈಯಲ್ಲೇ ಬೆಳೆದ ಚೆಸ್ ಆಟಗಾರ ಪ್ರಜ್ಞಾನಂದನ ಹೆಸರು ಎಲ್ಲರಿಗೂ ಗೊತ್ತು. 2023ರಲ್ಲಿ ಬಾಕು ನಗರದ ವಿಶ್ವಕಪ್ಪಿನಲ್ಲಿ ಅವನು ಫೈನಲ್ ತಲುಪಿದಾಗ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ತಾಯಿ ನಾಗಲಕ್ಷ್ಮಿಯವರ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು. ಆಕೆ ಹೋದಲ್ಲೆಲ್ಲ ಕುಕ್ಕರ್ ಒಯ್ದು ಮಗನಿಗೆ ಅನ್ನ, ರಸಂ ಮಾಡಿ ಬಡಿಸುತ್ತಾರೆ ಎಂದೂ ಬರೆದರು. 2024ರ ಡಿಸೆಂಬರಿನಲ್ಲಿ ವಿಶ್ವ ಚಾಂಪಿಯನ್ ಆದ ಗುಕೇಶನ ತಂದೆ ಕಿವಿ, ಮೂಗು, ಗಂಟಲಿನ ವೈದ್ಯರು. ಮಗನ ಜೊತೆ ಊರೂರು ತಿರುಗಲು ಅವರು ತಮ್ಮ ಪ್ರಾಕ್ಟೀಸನ್ನೇ ನಿಲ್ಲಿಸಿದ್ದರು. ನಮ್ಮ ಮಕ್ಕಳೆಲ್ಲ ಚಾಂಪಿಯನ್ ಆಗುತ್ತಾರೆಂದು ನಾವು ಹೇಳುತ್ತಿಲ್ಲ. ನಮ್ಮ ಮಗಳ ತಂಡ ಸೆಮಿಫೈನಲ್ಲಿಗೂ ಹೋಗಲಿಲ್ಲ. ಅನ್ನ, ಸಾರು ಮಾಡುವುದನ್ನು ಆ ತಾಯಿಗಿಂತ ನಾವು ಹೆಚ್ಚು ಬಲ್ಲೆವು. ಪಕ್ಕದಲ್ಲಿ ನಿಲ್ಲುವುದನ್ನು ಮಾತ್ರ ಕಲಿಯಲಿಲ್ಲ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದು ಹೋಟೆಲಿಗೆ ಬೀಗ ಬಿದ್ದದ್ದು ಯಾರೂ ಮರೆತಿಲ್ಲ. ನಷ್ಟದ ಮಾತು ಬೇಡ, ಅದನ್ನು ಎಲ್ಲರೂ ಅನುಭವಿಸಿದ್ದೇವೆ. ಆದರೆ ಆ ದಿನಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮಕ್ಕಳ ಜೊತೆ ಎಲೆ ಹಾಕಿಕೊಂಡು ಕೂತಾಗ ನಮಗೆ ಒಂದು ವಿಷಯ ಹೊಳೆಯಿತು. ಮದುವೆಯಾದಂದಿನಿಂದ ಹಬ್ಬದ ದಿನ ಬಿಟ್ಟರೆ ನಾವು ಮನೆಯಲ್ಲಿ ಮಧ್ಯಾಹ್ನ ಉಂಡದ್ದೇ ಇರಲಿಲ್ಲ. ಮಗನಿಗೆ ಬದನೆಕಾಯಿ ಸೇರುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಆಗ. ಗಿರಾಕಿಗಳಲ್ಲಿ ಯಾರಿಗೆ ಸಕ್ಕರೆ ಇಲ್ಲದ ಕಾಫಿ, ಯಾರಿಗೆ ಗರಿಗರಿ ದೋಸೆ ಎಂದು ನಮಗೆ ಬಾಯಿಪಾಠ. ಹೋಟೆಲು ಮತ್ತೆ ತೆರೆದ ಮೇಲೆ ನಾವು ಆ ಪಾಠವನ್ನು ಮರೆತೆವು.

ಈಗ ನಮ್ಮ ಸಭೆಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ದೂರು. ಮಕ್ಕಳು ಹೋಟೆಲಿಗೆ ಬರುವುದಿಲ್ಲ, ಕಂಪ್ಯೂಟರ್ ಕೆಲಸವೇ ಬೇಕೆನ್ನುತ್ತಾರೆ ಎಂದು. ಕಾಲವನ್ನು ದೂರುತ್ತೇವೆ, ಓದನ್ನು ದೂರುತ್ತೇವೆ. ಅವರಿಗೆ ದೋಸೆ, ಸಾಂಬಾರಿನ ಮೇಲೆ ಸಿಟ್ಟಿಲ್ಲ. ಹೋಟೆಲು ಅಂದರೆ ಅಪ್ಪಯ್ಯ ಮನೆಯಲ್ಲಿ ಇಲ್ಲದಿರುವುದು ಎಂದು ಅವರು ಚಿಕ್ಕಂದಿನಿಂದ ನೋಡಿ ಕಲಿತಿದ್ದಾರೆ. ಅಂಥ ಬಾಳು ತಮಗೆ ಬೇಡ ಎಂದರೆ ತಪ್ಪು ಯಾರದ್ದು?

"ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂಬ ಗಾದೆಯನ್ನು ನಾವೆಲ್ಲ ನಂಬಿ ಬಂದವರು. ಬಾಡಿಗೆ, ಗ್ಯಾಸು, ಸಂಬಳ, ಆನ್‌ಲೈನ್ ಪಾರ್ಸೆಲಿನ ಕಮಿಷನ್ನು ಇವೆಲ್ಲ ನಮ್ಮ ತಲೆಯ ಮೇಲೂ ಇವೆ. ಶನಿವಾರ, ಭಾನುವಾರವೇ ಹೋಟೆಲಿನ ಜೀವ ಎಂಬುದೂ ಗೊತ್ತು. ಹಾಗಾಗಿ ಹೋಟೆಲು ಮುಚ್ಚಿ ಎಂದು ಹೇಳುವ ಮೂರ್ಖತನ ನಮಗಿಲ್ಲ. ಆ ಶನಿವಾರದ ನಂತರ ನಾವು ಮಾಡಿ ನೋಡಿದ್ದನ್ನಷ್ಟೇ ಹೇಳುತ್ತೇವೆ.

ಮೊದಲನೆಯದು, ಆರ್ಡರ್ ಪುಸ್ತಕವನ್ನು ಮನೆಯ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡುವುದು. ತಿಂಗಳ ಮೊದಲ ಭಾನುವಾರ ರಾತ್ರಿ ಮನೆಯವರೊಂದಿಗೆ ಕೂತು ಮಕ್ಕಳ ಪಂದ್ಯ, ಶಾಲೆಯ ಕಾರ್ಯಕ್ರಮ, ನೆಂಟರ ಮನೆಯ ಪೂಜೆ ಇವುಗಳಲ್ಲಿ ನಾವು ಹೋಗಲೇಬೇಕಾದ ಎರಡೋ ಮೂರೋ ದಿನಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆವು. ಆ ಹೊತ್ತಿಗೆ ಬಂದ ಆರ್ಡರನ್ನು ಒಪ್ಪಲಿಲ್ಲ.

ಎರಡನೆಯದು, ಒಪ್ಪದ ಆರ್ಡರನ್ನು ಬಿಟ್ಟು ಬಿಡಲಿಲ್ಲ. ನಮ್ಮಿಂದ ಒಂದು ಮೈಲಿ ದೂರದಲ್ಲಿ ಹೋಟೆಲು ಇರುವ ಮಿತ್ರರಿಗೆ ದಾಟಿಸಿದೆವು. ಅವರ ಮಗನ ಉಪನಯನದ ವಾರ ಅವರ ಆರ್ಡರುಗಳನ್ನು ನಾವು ಮಾಡಿಕೊಟ್ಟೆವು. ಗಿರಾಕಿಗೂ ತೊಂದರೆಯಾಗಲಿಲ್ಲ, ನಮ್ಮಲ್ಲಿ ಮನಸ್ತಾಪವೂ ಬರಲಿಲ್ಲ.

ಮೂರನೆಯದು, ನಮ್ಮ ಹಳೆಯ ಭಟ್ಟರಿಗೆ ಅಡಿಗೆಯ ಜೊತೆಗೆ ಅರ್ಧ ದಿನದ ಲೆಕ್ಕವನ್ನೂ ಕಲಿಸಿದೆವು. ಮೊದಲ ವಾರ ಮುನ್ನೂರು ರೂಪಾಯಿ ವ್ಯತ್ಯಾಸ ಬಂತು. ನೋಡಿದರೆ ಪಾರ್ಸೆಲಿನ ಎರಡು ಬಿಲ್ಲು ಬರೆಯಲು ಮರೆತಿದ್ದರು. ಆಮೇಲೆ ಬರಲಿಲ್ಲ.

ಒಟ್ಟು ಎರಡು ತಿಂಗಳಲ್ಲಿ ನಮಗೆ ಸುಮಾರು ನಲುವತ್ತು ಸಾವಿರ ರೂಪಾಯಿಯ ವ್ಯಾಪಾರ ಕಡಿಮೆಯಾಯಿತು. ಇದನ್ನು ಮುಚ್ಚಿಡುವುದಿಲ್ಲ. ಸಣ್ಣ ಮೊತ್ತವೂ ಅಲ್ಲ. ಆದರೆ ಹೋಟೆಲು ಬಿದ್ದು ಹೋಗಲಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ಇದು ಬರೀ ಧಣಿಗಳ ಸ್ವಾರ್ಥವಾದೀತು. ತಮಿಳುನಾಡಿನ 1958ರ ಕೇಟರಿಂಗ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯಲ್ಲೇ ಕೆಲಸಗಾರರಿಗೆ ವಾರಕ್ಕೊಂದು ರಜೆ ಎಂದು ಬರೆದಿದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಮನಸ್ಸಿಟ್ಟು ಕೊಡುತ್ತೇವೆ? ನಮ್ಮ ಮಗಳು ಎರಡು ಬೀದಿ ಆಚೆ ಇದ್ದಾಳೆ. ನಮ್ಮ ಭಟ್ಟರ ಮಕ್ಕಳು ಊರಿನಲ್ಲಿದ್ದಾರೆ, ಒಡಿಶಾದಿಂದ ಬಂದ ಹುಡುಗರ ಮಕ್ಕಳು ಇನ್ನೂ ದೂರ. ಮುನ್ನೂರು ರೂಪಾಯಿಯ ಲೆಕ್ಕ ಸರಿಯಾದ ಮೇಲೆ ಭಟ್ಟರು ಒಂದು ದಿನ ಮೆಲ್ಲಗೆ ಕೇಳಿದರು, "ಮಗನ ಶಾಲೆಯ ವಾರ್ಷಿಕೋತ್ಸವ ಇದೆ, ನಾಲ್ಕು ದಿನ ಊರಿಗೆ ಹೋಗಿ ಬರಲಾ?" ಎಂದು. ಹನ್ನೆರಡು ವರ್ಷದಲ್ಲಿ ಅವರು ಹೀಗೆ ಕೇಳಿದ್ದು ಅದೇ ಮೊದಲು. ಕೇಳಬಹುದು ಎಂದು ಅವರಿಗೆ ಅನ್ನಿಸಿರಲಿಲ್ಲ. ನಾವೇ ಮಕ್ಕಳಿಗೆಂದು ಹೋಗದಿದ್ದಾಗ ಅವರು ಯಾವ ಬಾಯಲ್ಲಿ ಕೇಳಿಯಾರು? ಕಳಿಸಿಕೊಟ್ಟೆವು. ಆ ನಾಲ್ಕು ದಿನ ಸಾಂಬಾರಿನ ಪಾತ್ರೆಯ ಮುಂದೆ ನಾವೇ ನಿಂತೆವು.

ಮಗಳ ಮುಂದಿನ ಪಂದ್ಯ ಮಾರ್ಚಿನ ಮೊದಲ ವಾರ, ನಂದನಂ ಹತ್ತಿರದ ಒಂದು ಮೈದಾನದಲ್ಲಿ. ಆ ದಿನದ ಬಾಕ್ಸಿನ ಆರ್ಡರು ನಮ್ಮದಲ್ಲ, ಮಿತ್ರರದ್ದು. ನಾವು ಮನೆಯಲ್ಲೇ ಮಾಡಿದ ಇಡ್ಲಿ ಡಬ್ಬಿ, ಮಜ್ಜಿಗೆಯ ಫ್ಲಾಸ್ಕು ಹಿಡಿದು ಬಿಸಿಲಿನಲ್ಲಿ ಬೇಲಿಯ ಹತ್ತಿರ ನಿಂತೆವು. ನಾಲ್ಕು ಸಲ ಫೋನು ಬಂತು, ಎರಡು ಸಲ ಎತ್ತಿದೆವು. ಒಂದು ಸಲ ಮಗಳು ತಿರುಗಿ ನೋಡುವಾಗ ನಾವು ಫೋನಿನಲ್ಲೇ ಇದ್ದೆವು. ಹಳೆಯ ಚಾಳಿ ಒಂದೇ ದಿನಕ್ಕೆ ಬಿಡುವುದಿಲ್ಲ. ಅವಳ ತಂಡ ಎರಡೂ ಸೆಟ್ ಸೋತಿತು. ಮುಖ ಸಪ್ಪಗೆ ಮಾಡಿಕೊಂಡು ಬಂದವಳು, "ಗೆದ್ದ ದಿನ ಬರಲಿಲ್ಲ, ಸೋತ ದಿನ ಬಂದಿರಲ್ಲ ಅಪ್ಪಯ್ಯ" ಎಂದಳು. ಆಮೇಲೆ ಡಬ್ಬಿ ತೆಗೆದು ಐದು ಇಡ್ಲಿ ತಿಂದಳು.

ಆದ್ದರಿಂದ ನಮ್ಮ ಸಂಘದ ಮುಂದೆ ಎರಡು ಕೋರಿಕೆ ಇಡುತ್ತೇವೆ. ಆರ್ಡರು ಅದಲುಬದಲು ಮಾಡಿಕೊಳ್ಳಲು ಒಪ್ಪುವ ಸದಸ್ಯರ ಹೆಸರುಗಳನ್ನು ಬಡಾವಣೆವಾರು ಪಟ್ಟಿ ಮಾಡಿ ಈ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಹಾಗೆಯೇ ಮುಂದಿನ ವರ್ಷ ಪೊಂಗಲ್ ಕಳೆದು ಪರೀಕ್ಷೆ ಬರುವ ಮೊದಲು, ಒಂದು ವಾರದ ದಿನದ ಸಂಜೆ, ಸದಸ್ಯರ ಮತ್ತು ಕೆಲಸಗಾರರ ಮನೆಮಂದಿಗೆಲ್ಲ ಒಂದು ಆಟೋಟದ ಕೂಟ ಇಡಬೇಕು. ಭಾಷಣ ಕಡಿಮೆ ಇರಲಿ. ಅಡಿಗೆಯನ್ನು ಹೊರಗಿನ ಯಾರಿಗಾದರೂ ಕೊಡೋಣ. ಒಂದು ದಿನವಾದರೂ ನಮಗೆ ಬೇರೆಯವರು ಬಡಿಸಲಿ, ನಾವು ಮಕ್ಕಳ ಪಕ್ಕದಲ್ಲಿ ಕೂತು ಉಣ್ಣೋಣ.

ಸದಸ್ಯ ಮಿತ್ರರು ಈ ವಿಷಯದಲ್ಲಿ ತಮ್ಮ ಅಭಿಪ್ರಾಯ ಬರೆದು ತಿಳಿಸಬೇಕಾಗಿ ವಿನಂತಿ.