ಪಾದದಡಿಯ ಒಲೆ

ಹಿಂದಿನ ಸಿರಿವಂತರ ಮೋಟಾರುಗಳನ್ನು ಚಿತ್ರಗಳಲ್ಲಿ ಕಂಡಾಗ, ಅವುಗಳೊಳಗೆ ಕುಳಿತವರ ಸುಖವೇ ಸುಖವೆಂದು ನಾವು ಎಣಿಸುವುದುಂಟು. ಆ ಸುಖಾಸನದ ಕೆಳಗೆ ಒಂದು ಒಲೆಯಿದ್ದಿತೆಂಬುದನ್ನು ವಾಚಕರು ಲಕ್ಷಿಸಿರಲಾರರು.

1907ರಲ್ಲಿ ‘ಸಿಲ್ವರ್ ಘೋಸ್ಟ್’ ಎಂದು ಹೆಸರಾದ ರೋಲ್ಸ್ ರಾಯ್ಸ್ ಬಂಡಿಯ ಯಂತ್ರವು ಏಳು ಲೀಟರಿಗೂ ಮಿಗಿಲಾದ ಅಳತೆಯದು. ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಧೂಮನಾಳದಿಂದಲೇ ಹೊರಬೀಳುವುದು. ಆ ನಾಳವಾದರೋ ಕುಳಿತವರ ಪಾದಗಳಡಿಯಲ್ಲಿಯೇ ಹಾಯತಕ್ಕದ್ದು. ಮೇಲೆ ಮರದ ಹಲಗೆ. ಬ್ರೇಕು ಕ್ಲಚ್ಚುಗಳಿಗಾಗಿ ಕೊರೆದ ಸೀಳುಗಳಿಂದ ಬಿಸಿಗಾಳಿ ಒಳನುಗ್ಗುವುದು. ಕಂಪನಿಯು ಯಂತ್ರವನ್ನೂ ಚೌಕಟ್ಟನ್ನೂ ಮಾತ್ರ ಮಾರುತ್ತಿದ್ದಿತು. ಮೇಲಿನ ಮೈಯನ್ನು ಬೇರೆ ಕುಶಲಿಗರು ಕಟ್ಟುತ್ತಿದ್ದರು. ಹೀಗಾಗಿ ಬಿಸಿಯ ಹೊಣೆಯೂ ಇಬ್ಬರಲ್ಲಿ ಹಂಚಿಹೋಯಿತು. ತೆರೆದ ಬಂಡಿಗೆ ಗಾಳಿಯೇ ಮದ್ದು. 1920ರ ದಶಕದಲ್ಲಿ ಮುಚ್ಚಿದ ಬಂಡಿಗಳು ಹೆಚ್ಚಿದಾಗ ಹಲಗೆಯಡಿ ಕಲ್ನಾರಿನ ಹಾಳೆ, ಒತ್ತಿದ ಉಣ್ಣೆಯ ಹಾಸು, ಗಾಳಿಗಿಂಡಿ ಮುಂತಾದ ಉಪಾಯಗಳು ಬೇಕಾದುವು. (ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕೇಡು, ಹಳೆಯ ಬಂಡಿ ಬಿಚ್ಚುವವರು ಅದನ್ನು ಕೆರೆಯಬಾರದು.) ಚಳಿನಾಡಿನವರು ಇದೇ ಬಿಸಿಯಿಂದ ಕಾಲು ಕಾಸಿಕೊಂಡದ್ದೂ ಉಂಟು.

ನಮ್ಮ ಬೆಳಗಾವಿಯಲ್ಲಿ ಮಳೆ ಹಿಡಿದರೆ ಗಾಜು ಇಳಿಸುವಂತಿಲ್ಲ. ಕೆಲವು ವರ್ಷಗಳ ಕೆಳಗೆ ಆಷಾಢದಲ್ಲಿ ಬಂಧುಗಳೊಬ್ಬರ ಹಳೆಯ ಮೋಟಾರಿನಲ್ಲಿ ಖಾನಾಪುರಕ್ಕೆ ಹೊರಟೆವು. ಕಾಲಡಿ ಬೆಚ್ಚಗಾಯಿತು, ಮಳೆಯ ಚಳಿಗೆ ಹಿತವೆಂದೇ ಅನಿಸಿತು. ದೇಸೂರಿನ ಹತ್ತಿರ ನನಗೆ ತಲೆಭಾರ. ಹಿಂದೆ ಕುಳಿತ ಮೊಮ್ಮಗಳು ವಾಂತಿಮಾಡಿಕೊಂಡು ಒರಗಿದಳು. “ಅಜ್ಜಾ, ನಿದ್ದಿ ಬರ್ತದ” ಎಂದಳು. ಹೊಗೆಯಿಲ್ಲ, ಘಾಟಿಲ್ಲ. “ಮೊದಲ ಗಾಡಿ ನಿಂದರಸ್ರಿ!” ಎಂದು ನನ್ನ ಮನೆಯಾಕೆ ಕೂಗಿ, ಕೂಸನ್ನೆತ್ತಿಕೊಂಡು ಮಳೆಯಲ್ಲಿಯೇ ಇಳಿದಳು. ಹೊರಗಾಳಿಗೆ ಹುಡುಗಿ ಕಣ್ಣು ತೆರೆದಳು. ಬೇರೊಂದು ಬಂಡಿಯಲ್ಲಿ ಖಾನಾಪುರ ಮುಟ್ಟಿ ಮೊದಲು ವೈದ್ಯರಿಗೆ ತೋರಿಸಿದೆವು.

ಮರುದಿನ ಮಿಸ್ತ್ರಿಯು ಹಾಸನ್ನೆತ್ತಿದಾಗ ಕಂಡದ್ದಿಷ್ಟು: ಧೂಮನಾಳದ ಬೆಸುಗೆ ಬಿಟ್ಟಿದೆ, ಮೇಲಿನ ತಗಡನ್ನು ತುಕ್ಕು ತಿಂದಿದೆ. “ಮಾಸ್ತರ್ರ, ಬಿಸಿ ಬರೂ ಹಾದ್ಯಾಗ ವಿಷಾನೂ ಬರ್ತೈತ್ರಿ” ಎಂದ. ಆ ವಿಷವೇ ಕಾರ್ಬನ್ ಮೊನಾಕ್ಸೈಡು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪುದ್ರವ್ಯವು ಪ್ರಾಣವಾಯುವಿಗಿಂತ ಅದನ್ನು 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿಯುವುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತರ್ಕವನ್ನು ಮೂವತ್ತು ವರ್ಷ ಹುಡುಗರಿಗೆ ಹೇಳಿಕೊಟ್ಟವನು ನಾನು; ಪಾದ ಬಿಸಿಯಾದಾಗ ಮಾತ್ರ ಏನನ್ನೂ ಊಹಿಸಲಿಲ್ಲ.

ಹಳೆಯ ಮೋಟಾರುಳ್ಳವರು ಮಳೆಗಾಲಕ್ಕೆ ಮುಂಚೆ ಹಾಸನ್ನೆತ್ತಿಸಿ ತಗಡನ್ನೂ ನಾಳವನ್ನೂ ನೋಡಿಸತಕ್ಕದ್ದು. ನಮ್ಮ ಬಂಧುಗಳು ನಾಳವನ್ನು ಬದಲಿಸಿದರು, ತೂತನ್ನು ಬೆಸೆಸಿದರು. ಮೊಮ್ಮಗಳು ಈಗಲೂ ಗಾಜನ್ನು ಎರಡು ಬೆರಳು ಇಳಿಸಿಯೇ ಕೂಡುತ್ತಾಳೆ. ಸೀರೆ ತೊಯ್ದರೂ ಅವಳ ಅಜ್ಜಿ ಗದರುವುದಿಲ್ಲ.