ಧಾಟಿ ಯಾರ ಸೊತ್ತು?

ರಾಕ್ ಸಂಗೀತವೆಂದರೆ ಬರೀ ಗದ್ದಲ, ಎಲ್ಲ ಹಾಡೂ ಒಂದೇ ಥರ ಎಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಒಂದೇ ಥರ ಕೇಳಿಸುವುದಕ್ಕೆ ಮುಖ್ಯ ಕಾರಣ ತಾಳ. ನಾಲ್ಕು ಪೆಟ್ಟು, ಅದರಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒತ್ತು. ಹೆಚ್ಚಿನ ರಾಕ್ ಹಾಡುಗಳ ನಡಿಗೆ ಇದೇ. ನಮ್ಮ ಆದಿತಾಳದ ಹಾಗೆ ಇದೂ ಯಾರೊಬ್ಬರ ಸೊತ್ತಲ್ಲ. ಆದರೆ ಸ್ವರಗಳೂ ಅದೇ ಕ್ರಮದಲ್ಲಿ ಬಂದರೆ?

ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ನಮ್ಮ ಮುಂಬಯಿಗೆ ಅಪರಿಚಿತರೇನಲ್ಲ. 1966ರಲ್ಲಿ ರವಿಶಂಕರರಲ್ಲಿ ಸಿತಾರ್ ಕಲಿಯಲು ಬಂದಿದ್ದರು; 1968ರ ಜನವರಿಯಲ್ಲಿ ಇಲ್ಲಿನ ಎಚ್.ಎಂ.ವಿ. ಸ್ಟುಡಿಯೋದಲ್ಲಿ ನಮ್ಮ ವಾದಕರೊಂದಿಗೆ ಧ್ವನಿಮುದ್ರಣ ಮಾಡಿದರು. 1970ರಲ್ಲಿ ಅವರ 'ಮೈ ಸ್ವೀಟ್ ಲಾರ್ಡ್' ಹೊರಬಂತು. ಕೃಷ್ಣನಾಮವೂ ಇರುವ ಆ ಭಕ್ತಿಗೀತೆ ಕೋರ್ಟಿನ ಮೆಟ್ಟಿಲೇರಿತು. ಶಿಫಾನ್ಸ್ ಎಂಬ ತರುಣಿಯರ ತಂಡ 1963ರಲ್ಲಿ ಹಾಡಿದ 'ಹೀಸ್ ಸೋ ಫೈನ್' ಧಾಟಿಯೇ ಇದು ಎಂಬುದು ದೂರು.

ನಮ್ಮ ಸರಿಗಮದಲ್ಲಿ ಹೇಳುವುದಾದರೆ, ಎರಡೂ ಹಾಡುಗಳಲ್ಲಿ 'ಪ ಗ ರಿ' ಎಂಬ ತುಣುಕು ನಾಲ್ಕು ಬಾರಿ ಬರುತ್ತದೆ. ಆಮೇಲೆ 'ಪ ದ ಸ ದ ಸ', ಅದೂ ಮತ್ತೆ ಮತ್ತೆ. ಎಲ್ಲವೂ ಮೋಹನ ರಾಗದ ಸ್ವರಗಳೇ! ಸ್ವರಗಳಷ್ಟೇ ಒಂದಾಗಿದ್ದರೆ ಬಿಡಬಹುದಿತ್ತು. ಮೋಹನದಲ್ಲಿ ಎಷ್ಟು ಕೀರ್ತನೆಗಳಿಲ್ಲ? ಆದರೆ ಎರಡನೆಯ ತುಣುಕಿನಲ್ಲಿ ಒಂದೆಡೆ ಪುಟ್ಟ 'ರಿ' ನುಸುಳುತ್ತದೆ. ಎರಡೂ ಹಾಡುಗಳಲ್ಲಿ ಅದೇ ರಿ, ಅದೇ ಜಾಗದಲ್ಲಿ.

ಸ್ವತಃ ಸಂಗೀತ ರಚಿಸುತ್ತಿದ್ದ ನ್ಯಾಯಾಧೀಶ ರಿಚರ್ಡ್ ಓವನ್ 1976ರಲ್ಲಿ ತೀರ್ಪಿತ್ತರು: ಬೇಕೆಂದೇ ಕದ್ದದ್ದಲ್ಲ, ಮನಸ್ಸಿನ ಮೂಲೆಯಲ್ಲಿದ್ದ ಹಾಡು ಅರಿವಿಲ್ಲದೆ ಹೊರಬಂದಿದೆ, ಆದರೂ ಹಕ್ಕು ಮೊದಲಿನವರದೇ.

ಹ್ಯಾರಿಸನ್ ಅರಿಯದೆ ಮಾಡಿದ್ದನ್ನು ನಾವು ಅರಿತೇ ಮಾಡುತ್ತೇವೆ. ಉಪನಗರಗಳ ನಮ್ಮ ಭಜನಾ ಮಂಡಳಿಗಳಲ್ಲಿ ದೇವರನಾಮವನ್ನು ಸಿನಿಮಾ ಧಾಟಿಗೆ ಹೊಂದಿಸಿ ಹಾಡುವುದುಂಟು. "ಇದು ಭಜನೆಯೇ ಅಲ್ಲ" ಎನ್ನುವ ಹಿರಿಯರೂ ಇದ್ದಾರೆ, "ಹಾಗಾದರೂ ಮಕ್ಕಳು ಬಂದು ಕೂರುತ್ತಾರಲ್ಲ" ಎನ್ನುವವರೂ ಇದ್ದಾರೆ. ನಾನು ಎರಡನೆಯವರ ಪಕ್ಷ, ಒಂದು ಷರತ್ತಿನ ಮೇಲೆ. ಪದದ ಕೊನೆಯಲ್ಲಿ ಪುರಂದರವಿಠಲ ಎಂಬ ಅಂಕಿತ ಇರುವುದರಿಂದ ರಚಿಸಿದ ದಾಸರು ಯಾರೆಂದು ನಮಗೆ ಗೊತ್ತು. ಪಾಪ, ಧಾಟಿ ಕಟ್ಟಿದವರಿಗೆ ಅಂಕಿತವಿಲ್ಲ. ಹಾಡುವ ಮೊದಲು ಅವರ ಹೆಸರನ್ನು ನಾವೇ ಒಮ್ಮೆ ಹೇಳಿಬಿಟ್ಟರೆ ಹೋಗುವುದು ಅರ್ಧ ನಿಮಿಷ. ಏನಂತೀರಿ?