ಕೋಚ್ ಬದಲಾದರೆ ಗೋಲು ಬರುತ್ತದೆಯೇ?

ಚೆನ್ನೈನ ಮಾಧವರಂ ಬಸ್ ನಿಲ್ದಾಣದಿಂದ ನಗರದ ಒಳಕ್ಕೆ ಹೊರಟರೆ ಮೂಲಕಡೈ ದಾಟಿದ ಮೇಲೆ ಪೆರಂಬೂರು, ವ್ಯಾಸರ್ಪಾಡಿ ಸಿಗುತ್ತವೆ. ಇನ್ನೂ ಮುಂದೆ, ಸೆಂಟ್ರಲ್ ರೈಲು ನಿಲ್ದಾಣದ ಸಮೀಪ, ಚೆನ್ನೈಯಿನ್ ಎಫ್‌ಸಿ ತಂಡದ ತವರು ಮೈದಾನವಾದ ಜವಾಹರಲಾಲ್ ನೆಹರೂ ಕ್ರೀಡಾಂಗಣವಿದೆ. ಉತ್ತರ ಚೆನ್ನೈನ ಈ ಭಾಗ ಕೇರಂ, ಬಾಕ್ಸಿಂಗ್ ಮತ್ತು ಫುಟ್ಬಾಲಿಗೆ ಹೆಸರುವಾಸಿ. ವ್ಯಾಸರ್ಪಾಡಿಯನ್ನಂತೂ ಪತ್ರಿಕೆಗಳು 'ಮಿನಿ ಬ್ರೆಜಿಲ್' ಎಂದೇ ಕರೆಯುತ್ತವೆ. ಪೆರಂಬೂರಿನಲ್ಲಿ 1955ರಿಂದ ರೈಲು ಕೋಚ್ ತಯಾರಿಸುವ ಕಾರ್ಖಾನೆಯಿದೆ. ಅದಕ್ಕೂ ತನ್ನದೇ ಫುಟ್ಬಾಲ್ ತಂಡವಿದೆ. ಆದರೆ ನಗರದ ದೊಡ್ಡ ಕ್ಲಬ್ಬಿಗೆ ಬೇಕಾದ ಕೋಚ್‌ಗಳು ಮಾತ್ರ ಹೆಚ್ಚಾಗಿ ಯುರೋಪಿನಿಂದ ಬರುತ್ತಾರೆ, ಬಂದಷ್ಟೇ ಬೇಗ ಹೋಗುತ್ತಾರೆ.

ಲೆಕ್ಕ ನೋಡಿ. 2019ರ ನವೆಂಬರ್ ಕೊನೆಯಲ್ಲಿ ಜಾನ್ ಗ್ರೆಗರಿ ಹೊರಟರು. ಆಮೇಲೆ ಓವನ್ ಕೋಯ್ಲ್, ಚಾಬಾ ಲಾಸ್ಲೋ, ಬೊಜಿದಾರ್ ಬಾಂದೊವಿಚ್, ಹಂಗಾಮಿಯಾಗಿ ಸಾಬಿರ್ ಪಾಷಾ, ಥಾಮಸ್ ಬ್ರದಾರಿಚ್, ಮತ್ತೆ ಕೋಯ್ಲ್, 2025ರಲ್ಲಿ ಕ್ಲಿಫರ್ಡ್ ಮಿರಾಂಡ. ಆರು ವರ್ಷದೊಳಗೆ ಏಳು ನೇಮಕ. ತಂಡ ಸೋತಾಗ ಆಟಗಾರರೆಲ್ಲರನ್ನೂ ಕಳಿಸಲಾಗದು, ಮಾಲೀಕರು ತಮ್ಮನ್ನು ತಾವೇ ಕಳಿಸಿಕೊಳ್ಳುವುದಿಲ್ಲ. ಉಳಿಯುವವರು ಕೋಚ್ ಒಬ್ಬರೇ. ಅವರನ್ನು ಬದಲಿಸಿದರೆ ಏನೋ ಮಾಡಿದಂತಾಗುತ್ತದೆ, ಅಭಿಮಾನಿಗಳಿಗೂ ಒಂದಿಷ್ಟು ಸಮಾಧಾನ. ಆದರೆ ಈ ತಂಡದ ಹಳೆಯ ರೋಗ ಇರುವುದು ಮುಂಚೂಣಿಯಲ್ಲಿ, ಗೋಲು ಹೊಡೆಯಬೇಕಾದ ಜಾಗದಲ್ಲಿ. ಆ ರೋಗಕ್ಕೆ ಕೋಚ್ ಬದಲಾವಣೆ ಔಷಧವಲ್ಲ, ನೋವು ಮರೆಸುವ ಮಾತ್ರೆ ಅಷ್ಟೇ.

ಮಾತ್ರೆ ಕೆಲಸ ಮಾಡುವುದೇ ಇಲ್ಲವೆಂದರೆ ತಪ್ಪಾದೀತು. 2019-20ರ ಐಎಸ್‌ಎಲ್‌ನಲ್ಲಿ ಚೆನ್ನೈಯಿನ್ ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಆರು ಪಂದ್ಯಗಳಾಗುವ ಹೊತ್ತಿಗೆ ನಾಲ್ಕು ಗೋಲು, ಒಂದು ಗೆಲುವು. ಗ್ರೆಗರಿ ಹೋಗಿ ಕೋಯ್ಲ್ ಬಂದರು. ಉಳಿದ ಹನ್ನೆರಡು ಲೀಗ್ ಪಂದ್ಯಗಳಲ್ಲಿ ಅದೇ ಆಟಗಾರರು 28 ಗೋಲು ಹೊಡೆದು ಫೈನಲ್ ತನಕ ಹೋದರು. ಲಿಥುವೇನಿಯಾದ ನೆರಿಯಸ್ ವಾಲ್ಸ್ಕಿಸ್ ಆ ಋತುವಿನಲ್ಲಿ 15 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದರು. ಕೋಚ್ ಬದಲಿಸಿದರೆ ಗೋಲು ಬರುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ಋತುವಿಗೆ ಕೋಯ್ಲ್ ಜಮ್ಶೆಡ್‌ಪುರಕ್ಕೆ ಹೋದರು, ವಾಲ್ಸ್ಕಿಸ್ ಕೂಡ ಅಲ್ಲಿಗೇ ಹೋದರು. ಚೆನ್ನೈಯಿನ್ 20 ಪಂದ್ಯಗಳಲ್ಲಿ ಹೊಡೆದದ್ದು 17 ಗೋಲು. 11 ಪಂದ್ಯ ಡ್ರಾ. ಅದರ ಮುಂದಿನ ಋತುವಿನಲ್ಲೂ 20 ಪಂದ್ಯಗಳಿಗೆ 17 ಗೋಲು. 2022-23ರಲ್ಲಿ ಬ್ರದಾರಿಚ್ ಕಾಲದಲ್ಲಿ ಗೋಲುಗಳ ಸಂಖ್ಯೆ ಮತ್ತೆ ಏರಿತು. ನಾಸರ್ ಎಲ್ ಖಯಾತಿ 9, ಪೀಟರ್ ಸ್ಲಿಸ್ಕೊವಿಚ್ 8 ಹೊಡೆದಿದ್ದರು. ಆ ಇಬ್ಬರೂ ಹೋದರು, ಬ್ರದಾರಿಚ್ ಕೂಡ ಹೋದರು. ಮರಳಿ ಬಂದ ಕೋಯ್ಲ್ ಮೊದಲ ವರ್ಷ ತಂಡವನ್ನು ಪ್ಲೇ ಆಫ್‌ಗೆ ತಲುಪಿಸಿದರು. ಎರಡನೆಯ ವರ್ಷ, ಅಂದರೆ 2024-25ರಲ್ಲಿ, ತಂಡ 11ನೇ ಸ್ಥಾನಕ್ಕೆ ಇಳಿಯಿತು. ಸುಧಾರಣೆ ಆದಾಗಲೆಲ್ಲ ಅದು ಒಬ್ಬ ಕೋಚ್ ಮತ್ತು ಒಬ್ಬಿಬ್ಬರು ವಿದೇಶಿ ಫಾರ್ವರ್ಡ್‌ಗಳ ಕಾಲಿನಲ್ಲಿತ್ತು. ಅವರು ಹೊರಟಾಗ ಅದೂ ಅವರ ಜೊತೆಗೇ ವಿಮಾನ ಹತ್ತಿತು. ಕ್ಲಬ್ಬಿನಲ್ಲಿ ಉಳಿದದ್ದು ಕಡಿಮೆ.

ಹಾಗಾದರೆ ತಂಡದಲ್ಲೇ ಬೆಳೆದ ಭಾರತೀಯ ಸ್ಟ್ರೈಕರ್ ಇರಲಿಲ್ಲವೇ? ಇದ್ದರು. ಮಿಜೋರಾಂನ ಜೇಜೆ ಲಾಲ್‌ಪೆಖ್ಲುವ 2017-18ರಲ್ಲಿ 9 ಗೋಲು ಹೊಡೆದಿದ್ದರು. 2018ರ ಮಾರ್ಚ್ 17ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಆತಿಥೇಯರನ್ನು 3-2ರಿಂದ ಸೋಲಿಸಿ ಕಪ್ ಗೆದ್ದ ತಂಡದಲ್ಲೂ ಅವರಿದ್ದರು. ಮರುವರ್ಷ ಅವರ ಲಯ ತಪ್ಪಿತು, ಇಡೀ ಲೀಗ್‌ನಲ್ಲಿ ಒಂದೇ ಗೋಲು. ಚಾಂಪಿಯನ್ ತಂಡ 18 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು 9 ಅಂಕಗಳೊಂದಿಗೆ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಒಬ್ಬ ಫಾರ್ವರ್ಡ್ ಕುಂಟಿದರೆ ಹಿಂದೆ ಇನ್ನೊಬ್ಬ ಸಿದ್ಧವಾಗಿರಲಿಲ್ಲ ಎಂಬುದನ್ನು ಆ ಪಟ್ಟಿ ಎಲ್ಲರಿಗೂ ತೋರಿಸಿತು. ಆ ವರ್ಷ ಕೊನೆಯ ಸ್ಥಾನ ಪಡೆದರೂ ಕೆಳಗಿನ ಲೀಗಿಗೆ ಇಳಿಯಬೇಕಾಗಿರಲಿಲ್ಲ. ಹುಡುಗರನ್ನು ಆಡಿಸಿ ನೋಡಲು ಅದಕ್ಕಿಂತ ನಿರಾತಂಕದ ಕಾಲ ಬೇರೆ ಇರಲಿಲ್ಲ. ಆದರೂ ಉತ್ತರವನ್ನು ಹುಡುಕಿದ್ದು ಹೊರಗಿನ ಮಾರುಕಟ್ಟೆಯಲ್ಲಿ.

ಅದೇ 2018-19ರಲ್ಲಿ ಅದೇ ನಗರದ ಹೆಸರು ಹೊತ್ತ ಇನ್ನೊಂದು ತಂಡ ಬೇರೆಯದೇ ಆಟ ತೋರಿಸಿತು. ಕೊಯಮತ್ತೂರಿನಲ್ಲಿ ಆಡುತ್ತಿದ್ದ ಚೆನ್ನೈ ಸಿಟಿ ಎಫ್‌ಸಿ, ಸಿಂಗಪುರದ ಅಕ್ಬರ್ ನವಾಸ್ ಅವರ ಕೈಕೆಳಗೆ 20 ಪಂದ್ಯಗಳಲ್ಲಿ 48 ಗೋಲು ಹೊಡೆದು, ಈಸ್ಟ್ ಬೆಂಗಾಲ್‌ಗಿಂತ ಒಂದೇ ಅಂಕ ಮುಂದಿದ್ದು ಐ-ಲೀಗ್ ಗೆದ್ದಿತು. ಧೈರ್ಯದ ಆಟ, ಪಾಸಿಂಗ್ ಆಟ. ಆದರೆ ಆ 48ರಲ್ಲಿ 21 ಪೆಡ್ರೊ ಮಾಂಜಿ ಒಬ್ಬರದೇ. 2020ರಲ್ಲಿ ಮಾಂಜಿ ಜಪಾನಿಗೆ ಹೋದರು. ಮುಂದೆ ಕ್ಲಬ್ ಲೈಸೆನ್ಸ್ ಪರೀಕ್ಷೆಯಲ್ಲಿ ಸೋತು ಐ-ಲೀಗ್‌ನಿಂದಲೇ ಹೊರಬಿತ್ತು. ಒಳ್ಳೆಯ ಕೋಚ್, ಒಳ್ಳೆಯ ಸ್ಟ್ರೈಕರ್, ಕಪ್ ಮೂರೂ ಇದ್ದವು. ಅಡಿಪಾಯ ಇರಲಿಲ್ಲ.

ಇದನ್ನು ಓದಿ ಬೆಂಗಳೂರಿನವರು ನಗುವ ಹಾಗಿಲ್ಲ. ಬೆಂಗಳೂರು ಎಫ್‌ಸಿ 2013ರಿಂದ 2021ರ ಜನವರಿಯ ತನಕ ಮೂವರೇ ಕೋಚ್‌ಗಳಲ್ಲಿ ನಡೆಯಿತು: ಆ್ಯಶ್ಲಿ ವೆಸ್ಟ್‌ವುಡ್, ಆಲ್ಬರ್ಟ್ ರೋಕಾ, ಕಾರ್ಲ್ಸ್ ಕ್ವಾದ್ರಾತ್. ಎರಡು ಐ-ಲೀಗ್, ಒಂದು ಐಎಸ್‌ಎಲ್ ಬಂದದ್ದು ಆ ಸ್ಥಿರತೆಯ ಕಾಲದಲ್ಲೇ. ಹೀಗಾಗಿ ಕೋಚ್‌ಗೆ ಸಮಯ ಕೊಟ್ಟರೆ ಫಲವಿದೆ ಎನ್ನುವುದು ನಿಜ. ಆದರೆ ಅಷ್ಟು ನೆಮ್ಮದಿಯಿದ್ದ ಕ್ಲಬ್ಬಿನಲ್ಲೂ 2024-25ರಲ್ಲಿ 14 ಗೋಲು ಹೊಡೆದವರು ಯಾರು? ನಲವತ್ತು ವರ್ಷದ ಸುನಿಲ್ ಛೆಟ್ರಿ. ಆ ವರ್ಷ ಲೀಗ್‌ನಲ್ಲಿ ಅವರಿಗಿಂತ ಹೆಚ್ಚು ಗೋಲು ಹೊಡೆದ ಭಾರತೀಯ ಇನ್ನೊಬ್ಬರಿರಲಿಲ್ಲ. ಅದು ಛೆಟ್ರಿಯವರ ಹೆಗ್ಗಳಿಕೆ, ಉಳಿದವರೆಲ್ಲರ ಮೇಲಿನ ದೂರು.

ರಾಷ್ಟ್ರೀಯ ತಂಡ ಇದರ ಬೆಲೆ ತೆರುತ್ತಿದೆ. 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಭಾರತ ಮೂರು ಪಂದ್ಯ ಸೋತಿತು, ಒಂದೂ ಗೋಲು ಹೊಡೆಯಲಿಲ್ಲ. ಜೂನ್‌ನಲ್ಲಿ ಕೋಚ್ ಇಗೊರ್ ಸ್ಟಿಮಾಚ್ ಅವರನ್ನು ತೆಗೆದರು. ಅವರ ನಂತರ ಬಂದ ಮನೋಲೊ ಮಾರ್ಕೆಸ್ 2025ರ ಮಾರ್ಚ್‌ನಲ್ಲಿ ಮಾಡಿದ್ದೇನು? ಒಂಬತ್ತು ತಿಂಗಳ ಹಿಂದೆ ನಿವೃತ್ತರಾಗಿದ್ದ ಛೆಟ್ರಿಯವರನ್ನೇ ವಾಪಸ್ ಕರೆದರು. ಅವರು ಬೇರೇನು ಮಾಡಬಹುದಿತ್ತು? ಲೀಗ್‌ನಲ್ಲಿ ಒಂಬತ್ತನೇ ನಂಬರಿನ ಜಾಗವನ್ನು ಹೆಚ್ಚಿನ ಕ್ಲಬ್‌ಗಳು ವಿದೇಶಿಯರಿಗೆ ಮೀಸಲಿಟ್ಟಿವೆ. ಮೈದಾನದಲ್ಲಿ ಏಕಕಾಲಕ್ಕೆ ಇರಬಹುದಾದ ವಿದೇಶಿಯರ ಸಂಖ್ಯೆ 2014ರಲ್ಲಿ ಆರು, 2017ರಲ್ಲಿ ಐದು, 2021ರಲ್ಲಿ ನಾಲ್ಕಕ್ಕೆ ಇಳಿಯಿತು. ಆದರೆ ಆ ನಾಲ್ವರಲ್ಲಿ ಒಬ್ಬರು ಗೋಲಿನ ಎದುರು ನಿಲ್ಲುವವರೇ ಆಗಿರುತ್ತಾರೆ. ಭಾರತೀಯ ಹುಡುಗ ಅಂಚಿನಲ್ಲಿ ಓಡುತ್ತಾನೆ, ಚೆಂಡು ದಾಟಿಸುತ್ತಾನೆ, ಎಪ್ಪತ್ತನೇ ನಿಮಿಷಕ್ಕೆ ಹೊರಗೆ ಕೂರುತ್ತಾನೆ. ಗೋಲು ಹೊಡೆಯುವುದು ಈಜಿನ ಹಾಗೆ, ದಡದಲ್ಲಿ ಕೂತು ಕಲಿಯುವುದಕ್ಕಾಗುವುದಿಲ್ಲ.

ದಕ್ಷಿಣದ ನಗರಗಳಿಗೆ ಫಾರ್ವರ್ಡ್‌ಗಳನ್ನು ಬೆಳೆಸುವುದು ಗೊತ್ತಿಲ್ಲದ ವಿದ್ಯೆಯೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ರಾಮನ್, ಧನರಾಜ್ ಇದ್ದರು. ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ರಾಮನ್. ವ್ಯಾಸರ್ಪಾಡಿಯಲ್ಲಿ 1997ರಿಂದ ಒಂದು ಸ್ವಯಂಸೇವಾ ಸಂಸ್ಥೆ ಬಡ ಮಕ್ಕಳಿಗೆ ಫುಟ್ಬಾಲ್ ಮತ್ತು ಪಾಠ ಎರಡನ್ನೂ ಕಲಿಸುತ್ತಿದೆ. ಮಕ್ಕಳು ಶಾಲೆ ಬಿಡದಂತೆ ಹಿಡಿದಿಟ್ಟದ್ದು ಅಲ್ಲಿ ಚೆಂಡೇ. ಹತ್ತು ವರ್ಷದ ಮಗು ಆಡಲು ಜಾಗವಿದೆ. ಹದಿನೈದರಿಂದ ಇಪ್ಪತ್ತರ ನಡುವಿನ ಹುಡುಗನಿಗೆ ವಾರಕ್ಕೊಂದು ಗಟ್ಟಿ ಪಂದ್ಯ, ಸರಿಯಾದ ಊಟ, ಬಸ್ ಚಾರ್ಜು, ತಪ್ಪಿದರೂ ಮುಂದಿನ ವಾರ ಆಡಿಸುವ ಕೋಚ್ ಬೇಕು. ದಾರಿ ತುಂಡಾಗುವುದು ಅಲ್ಲಿ. ಆ ವಯಸ್ಸಿಗೆ ಬಡ ಮನೆಯ ಹುಡುಗ ದುಡಿಮೆಗೆ ಇಳಿಯಲೇಬೇಕಾಗುತ್ತದೆ. ಕ್ಲಬ್ ಅವನನ್ನು ಕಾಯದಿದ್ದರೆ ಅವನೂ ಕ್ಲಬ್ಬನ್ನು ಕಾಯುವುದಿಲ್ಲ.

ಆದ್ದರಿಂದ ಮುಖ್ಯ ಕೋಚ್‌ಗಳ ಒಪ್ಪಂದದಲ್ಲಿ ಗೆಲುವಿನ ಜೊತೆಗೆ ಇನ್ನೊಂದು ಲೆಕ್ಕವೂ ಇರಬೇಕು: ಇಪ್ಪತ್ತೆರಡರ ಒಳಗಿನ ಭಾರತೀಯ ಫಾರ್ವರ್ಡ್‌ಗೆ, ಅಂಚಿನಲ್ಲಲ್ಲ, ಗೋಲಿನ ಎದುರು ಎಷ್ಟು ನಿಮಿಷ ಸಿಕ್ಕಿತು? ಹದಿನೇಳರ ಒಳಗಿನವರ ತಂಡದ ಕೋಚ್‌ಗೆ ಮುಖ್ಯ ಕೋಚ್‌ಗಿಂತ ದೀರ್ಘ ಒಪ್ಪಂದ ಸಿಗಬೇಕು, ಏಕೆಂದರೆ ಅವರ ಕೆಲಸದ ಫಲ ಕಾಣುವುದು ಐದು ವರ್ಷಕ್ಕೆ. ಇದರಿಂದ ಒಂದೆರಡು ಋತು ಸೋಲು ಹೆಚ್ಚಬಹುದು. ಆದರೆ ದುಡ್ಡು ಸುರಿದು ತಂದ ವಿದೇಶಿ ಸ್ಟ್ರೈಕರ್‌ಗಳಿದ್ದೂ ಎಂಟನೆಯ, ಹನ್ನೊಂದನೆಯ ಸ್ಥಾನಗಳು ಬಂದಿವೆಯಲ್ಲ. ಹೇಗೂ ಸೋಲುವುದಾದರೆ, ಮುಂದೆ ಗೆಲ್ಲಬಲ್ಲ ಹುಡುಗರನ್ನು ಆಡಿಸಿ ಸೋಲುವುದು ಲೇಸು. ಮಾಧವರಂನಿಂದ ಕ್ರೀಡಾಂಗಣಕ್ಕೆ ಬಸ್ಸಿನಲ್ಲಿ ಅರ್ಧ ದಿನವೇನೂ ಬೇಕಾಗಿಲ್ಲ. ಆ ದಾರಿಯಲ್ಲಿ ಒಬ್ಬ ಸ್ಟ್ರೈಕರ್ ಬಂದು ತಲುಪುವ ತನಕ, ಬೆಂಚಿನ ಪಕ್ಕ ನಿಂತು ಕೂಗುವವರು ಯಾರೇ ಆದರೂ ಗೋಲಿನ ಖಾತೆ ಪ್ರತಿ ವರ್ಷ ಸೊನ್ನೆಯಿಂದಲೇ ಶುರುವಾಗುತ್ತದೆ.